ಭೂಮಿಯ ಟಿಪ್ಪಣಿಯೂ ರೆಕಾರ್ಡ್ ರೂಮಿನಲ್ಲಿರಲಿ: ಭೂಮಾಪನ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ,
ಬೆಂಗಳೂರು.

ವಿಷಯ: ಕಾರ್ಸ್ (CORS) ನಿಲ್ದಾಣಗಳ ದಿನದಿನದ ದಾಖಲೆಯನ್ನು ಎಸೆಯದೆ ಇಡುವ ಬಗ್ಗೆ.

ಮಾನ್ಯರೇ,

ನಾನು ಗೌರಿಬಿದನೂರು ಕಡೆಯ ಲೈಸೆನ್ಸ್ ಸರ್ವೇಯರ್. ಗಡಿ ಗುರುತಿಸುವ ಹದ್ದುಬಸ್ತು, ಜಮೀನು ಭಾಗ ಮಾಡುವ ಪೋಡಿ, 11ಇ ನಕ್ಷೆ, ಇದೇ ನನ್ನ ಹೊಟ್ಟೆಪಾಡು. 33 ಅಡಿ ಸರಪಳಿ ಎಳೆದು ಕೆಲಸ ಕಲಿತವನು. ಈಗ ಕೈಯಲ್ಲಿ ರೋವರ್ ಇದೆ, ಉಪಗ್ರಹದ ಸಂಕೇತ ಹಿಡಿದು ಜಾಗ ಅಳೆಯುವ ಕೋಲು. ಈ ಪತ್ರ ಫೀಸಿನ ವಿಚಾರಕ್ಕಲ್ಲ. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ, ಬರೆದೂ ಇದ್ದೇನೆ. ಇದು ನಮ್ಮ ರೋವರ್‌ಗೆ ದಾರಿ ತೋರಿಸುವ ಕಾರ್ಸ್ ನಿಲ್ದಾಣಗಳ ವಿಚಾರ, ಅಂದರೆ ಒಂದೇ ಜಾಗದಲ್ಲಿ ನೆಟ್ಟು ಹಗಲೂ ರಾತ್ರಿ ಉಪಗ್ರಹದ ಸಂಕೇತ ಹಿಡಿಯುವ ಆಂಟೆನಾಗಳ ವಿಚಾರ. ನಿಮ್ಮ ಮೂಲಕ ಸರ್ವೆ ಆಫ್ ಇಂಡಿಯಾದವರಿಗೂ ಮುಟ್ಟಲಿ, ನಮ್ಮ ಜಿಲ್ಲೆಯ ಜನರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಹೊಲದ ಕತೆ. ರಾಗಿ ಕೊಯ್ಲಾಗಿ ಕೂಳೆ ಉಳಿದಿದ್ದ ಹೊಲ. ಅಣ್ಣತಮ್ಮಂದಿರ ಜಗಳ, ಬದು ಒತ್ತುವರಿ, ಎಂದಿನಂತೆ. ಮೂಲೆಯ ಬಾಂದು ಕಲ್ಲು ಅರ್ಧ ಹೂತುಹೋಗಿತ್ತು. ಅದರ ಮೇಲೆ ಕೋಲು ನಿಲ್ಲಿಸಿ, ಗುಳ್ಳೆ ನಡುವಿಗೆ ಬರುವ ಹಾಗೆ ಹಿಡಿದು ನಿಂತಿದ್ದೆ. ಪರದೆ ಮೇಲೆ ‘ಫ್ಲೋಟ್’ ಅಂತಲೇ ಇತ್ತು, ಅಂದರೆ ಲೆಕ್ಕ ಇನ್ನೂ ಕೂತಿರಲಿಲ್ಲ. ಹೊಂಗೆ ಮರದ ಕೆಳಗೆ ಮನೆಯ ಅಜ್ಜಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನೋಡಿ ನೋಡಿ ಬೇಜಾರಾಗಿ ಕೇಳಿದರು, “ಏನಂತದಪ್ಪಾ ಆ ಕೋಲು?”

“ನಿಮ್ಮ ಹೊಲ ನಡೀತಾ ಇದೆ ಅಂತದೆ ಅಜ್ಜಿ. ವರ್ಷಕ್ಕೆ ಮೂರು ಬೆರಳಗಲ.”

“ಯಾವ ಕಡೆಗೆ?”

“ಈಶಾನ್ಯಕ್ಕೆ.”

“ಈಶಾನ್ಯ ತಾನೇ, ಒಳ್ಳೇದೇ ಬಿಡು. ಪಕ್ಕದೋನ ಹೊಲಾನೂ ಹೋಗ್ತದಾ?”

“ಹೋಗ್ತದೆ, ಅಷ್ಟೇ ವೇಗದಲ್ಲಿ.”

“ಹಂಗಾದ್ರೆ ನಮಗೇನು ಬಂತು?” ಅಂದು ಎಲೆಗೆ ಸುಣ್ಣ ಸವರಿದರು.

ಅಜ್ಜಿಗೆ ನಾನು ಸುಳ್ಳು ಹೇಳಿರಲಿಲ್ಲ. ಇಡೀ ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಇದು ನಮಗೆ ಗೊತ್ತಾಗುವುದು ಕಾರ್ಸ್ ನಿಲ್ದಾಣಗಳಿಂದ. ಹೆಸರು ದೊಡ್ಡದು, ಕೆಲಸ ಸಣ್ಣದು. ದಿನದ 24 ಗಂಟೆಯೂ ಒಂದೇ ಜಾಗದಲ್ಲಿ ನಿಂತು ಉಪಗ್ರಹಗಳ ಮಾತು ಕೇಳಿಸಿಕೊಳ್ಳುವುದು, ಕೇಳಿದ್ದನ್ನು ಬರೆದುಕೊಳ್ಳುವುದು, ನಮ್ಮ ರೋವರ್‌ಗೆ ತಿದ್ದುಪಡಿ ಕಳಿಸುವುದು. ದೇಶದಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ನಾವು ಸರ್ವೇಯರ್‌ಗಳು ತಿದ್ದುಪಡಿ ಬಳಸಿ, ಗುಂಟೆ ಲೆಕ್ಕ ಹಾಕಿ, ಮನೆಗೆ ಹೋಗುತ್ತೇವೆ. ಬರೆದುಕೊಂಡ ಉಳಿದ ದಾಖಲೆ ಯಾರಿಗೂ ನೆನಪಾಗುವುದಿಲ್ಲ. ನನ್ನ ಮಾತೆಲ್ಲ ಆ ಉಳಿದ ದಾಖಲೆಯ ಬಗ್ಗೆ.

ಅದು ಎಷ್ಟು ಸೂಕ್ಷ್ಮ ಅನ್ನೋದನ್ನು ನಮ್ಮ ಸರಪಳಿ ಲೆಕ್ಕದಲ್ಲೇ ಹೇಳಬಹುದು. ಸರಪಳಿ ಹಿಡಿದಾಗ ನಾವು ಏನು ಬರೆಯುತ್ತಿದ್ದೆವು? ಇಷ್ಟು ಸರಪಳಿ, ಮೇಲೆ ಇಷ್ಟು ಆಣೆ (ಸರಪಳಿಯ ಹದಿನಾರನೇ ಒಂದು ಪಾಲು). ಉಪಗ್ರಹದ್ದೂ ಅದೇ ಲೆಕ್ಕ. ಜಿಪಿಎಸ್ ಉಪಗ್ರಹ 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಅದು ಕಳಿಸುವ ಮುಖ್ಯ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಆ 19 ಸೆಂಟಿಮೀಟರ್ ಅಲೆಯೇ ಸರಪಳಿ. ಅಲೆಯೊಳಗಿನ ಚೂರು ಆಣೆ. ಆಣೆಯನ್ನು ಯಂತ್ರ ಬಲು ಚೆನ್ನಾಗಿ ಓದುತ್ತದೆ, ಮಿಲಿಮೀಟರ್ ಮಟ್ಟಕ್ಕೆ. ಒಟ್ಟು ಎಷ್ಟು ಸರಪಳಿ ಅನ್ನುವ ಎಣಿಕೆಯೇ ಕಷ್ಟ. ಪರದೆ ಮೇಲೆ ‘ಫ್ಲೋಟ್’ ಅಂತ ಬಂದರೆ ಆಣೆ ಸಿಕ್ಕಿದೆ, ಸರಪಳಿ ಎಣಿಕೆ ಇನ್ನೂ ಕೂತಿಲ್ಲ ಅಂತ ಅರ್ಥ. ಎಣಿಕೆ ಕೂತಾಗ ‘ಫಿಕ್ಸ್’. ಹೊಲದಲ್ಲಿ ನಮಗೆ ಒಂದೆರಡು ಸೆಂಟಿಮೀಟರ್ ಸಾಕು. ಆದರೆ ಅಲುಗಾಡದೆ ನಿಂತ ನಿಲ್ದಾಣದ ಇಡೀ ದಿನದ ಓದನ್ನು ಒಟ್ಟು ಮಾಡಿ, ಗಾಳಿಯ ತೇವದಿಂದ, ಮೇಲಿನ ವಾತಾವರಣದಿಂದ ಆಗುವ ತಡವನ್ನು ಕಳೆದು ನೋಡಿದರೆ ಎರಡು ಮೂರು ಮಿಲಿಮೀಟರ್‌ವರೆಗೆ ಜಾಗ ಸಿಗುತ್ತದೆ. ಎತ್ತರದ ಲೆಕ್ಕ ಮಾತ್ರ ಇದಕ್ಕಿಂತ ಎರಡು ಮೂರು ಪಟ್ಟು ಒರಟು.

ದಿನಕ್ಕೊಂದು ಚುಕ್ಕಿ. ಆ ಚುಕ್ಕಿಗಳನ್ನು ಸಾಲಾಗಿ ಇಟ್ಟರೆ ಏನು ಕಾಣುತ್ತದೆ ಅಂತ ನಾನು ಮೊದಲು ನೋಡಿದ್ದು ತಂಗಿ ಮಗಳ ಲ್ಯಾಪ್‌ಟಾಪ್‌ನಲ್ಲಿ. ಅವಳು ಎಂಜಿನಿಯರಿಂಗ್ ಓದುತ್ತಾಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಒಂದು ನಿಲ್ದಾಣ ಇದೆ. ಅದರ ದಿನದಿನದ ಚುಕ್ಕಿಗಳನ್ನು ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು ಲೆಕ್ಕ ಹಾಕಿ ಪುಕ್ಕಟೆ ಕೊಡುತ್ತದೆ. ಪ್ರಪಂಚದ ಸಾವಿರಾರು ನಿಲ್ದಾಣಗಳದ್ದು ಅಲ್ಲಿ ಸಿಗುತ್ತದೆ. ಅವಳು ಇಳಿಸಿಕೊಂಡಳು, ಗೆರೆ ಎಳೆದಳು. ಉತ್ತರಕ್ಕೊಂದು ಏರು, ಪೂರ್ವಕ್ಕೊಂದು ಏರು. ಹದ್ದುಬಸ್ತಿನ ಗೆರೆಯ ಹಾಗೆ ನೆಟ್ಟಗೆ. ಸಾಗುತ್ತಾ ಸಾಗುತ್ತಾ ಒಂದು ಕಡೆ ಬೆರಳಿಟ್ಟು, “ಮಾವ, ಇಲ್ಲಿ ಯಾಕೆ ಗೆರೆ ಮೆಟ್ಟಿಲು ಹತ್ತಿದೆ?” ಅಂದಳು. ದಿನಾಂಕ ನೋಡಿದೆ. 2004ರ ಡಿಸೆಂಬರ್ ಕೊನೆ. ಅವಳು ಹುಟ್ಟಿದ್ದು ಅದರ ಮುಂದಿನ ವರ್ಷ.

ಡಿಸೆಂಬರ್ 26ರ ಸುಮಾತ್ರಾ ಭೂಕಂಪ, ಸುನಾಮಿ ಬಂದ ದಿನ. ಸಾವಿರಾರು ಕಿಲೋಮೀಟರ್ ಆಚೆ ನೆಲ ಬಿರಿದಿತ್ತು. ಆ ಭಾನುವಾರ ಬೆಳಗ್ಗೆ ಬೆಂಗಳೂರು ಸುಮಾರು ಒಂದು ಸೆಂಟಿಮೀಟರ್ ಪೂರ್ವಕ್ಕೆ ಜರುಗಿ, ಅಲ್ಲೇ ನಿಂತುಬಿಟ್ಟಿತು. ಅವತ್ತು ನಮಗೆ ಗೊತ್ತಾಗಿದ್ದು ಟೀವಿಯಲ್ಲಿ ನೀರು ನುಗ್ಗಿದ್ದು ಮಾತ್ರ. ನಮ್ಮ ಕಾಲ ಕೆಳಗೇ ಹೀಗಾಗಿತ್ತು ಅಂತ ಅಷ್ಟು ವರ್ಷದ ಮೇಲೆ, ಅಡುಗೆಮನೆ ಪಕ್ಕದ ಮೇಜಿನ ಮೇಲೆ, ಒಂದು ಗೆರೆ ನೋಡಿ ತಿಳಿಯಿತು. ದಾಖಲೆ ಇಟ್ಟಿದ್ದಕ್ಕೆ ತಿಳಿಯಿತು.

ಆ ಸಂಜೆಯಿಂದ ನಾನು ಈ ವಿಷಯಕ್ಕೆ ಬಿದ್ದೆ. ಓದುತ್ತಾ ಹೋದ ಹಾಗೆ ‘ನಿಧಾನ ಭೂಕಂಪ’ ಅನ್ನೋದು ಸಿಕ್ಕಿತು.

ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲು ನೋಡಿದ್ದೀರಲ್ಲ. ತಳ್ಳುತ್ತೀರಿ, ಬರುವುದಿಲ್ಲ. ಇನ್ನೂ ತಳ್ಳುತ್ತೀರಿ. ಒಮ್ಮೆಲೇ ಧಡ್ ಅಂತ ತೆರೆದುಕೊಂಡು ಗೋಡೆಗೆ ಬಡಿಯುತ್ತದೆ. ಮಾಮೂಲಿ ಭೂಕಂಪ ಅಂದರೆ ಅದು. ಎರಡು ಶಿಲಾಫಲಕ ಒಂದಕ್ಕೊಂದು ಕಚ್ಚಿಕೊಂಡು ನಿಂತಿರುತ್ತವೆ, ಒತ್ತಡ ತಡೆಯದೆ ಕೆಲವೇ ಸೆಕೆಂಡು, ನಿಮಿಷದಲ್ಲಿ ಜಾರುತ್ತವೆ. ಆದರೆ ಕೆಲವೊಮ್ಮೆ ಅದೇ ಬಾಗಿಲು ಸದ್ದಿಲ್ಲದೆ ಕೂದಲೆಳೆಯಷ್ಟೇ ಸರಿಯುತ್ತಾ ಎರಡು ಮೂರು ವಾರ ತೆಗೆದುಕೊಂಡು ತೆರೆಯುತ್ತದೆ. ದೊಡ್ಡ ಭೂಕಂಪದಷ್ಟೇ ಜಾರಿಕೆ. ಆದರೆ ಒಂದು ಲೋಟವೂ ಅಲುಗುವುದಿಲ್ಲ. ಕಂಪನ ಅಳೆಯುವ ಯಂತ್ರಕ್ಕೆ ಹೆಚ್ಚೆಂದರೆ ಸಣ್ಣ ನಡುಕ ಸಿಕ್ಕೀತು, ಜಾರಿಕೆ ಎಷ್ಟು ಅಂತ ಅದು ಹೇಗೆ ಹೇಳಬೇಕು? ನೆಲದ ಮೇಲೆ ನೆಟ್ಟ ಗುರುತು ಎಷ್ಟು ಸರಿಯಿತು ಅಂತ ದಿನಾ ಬರೆದಿಟ್ಟವರಿಗೆ ಅದು ನೇರವಾಗಿ ಕಾಣುತ್ತದೆ. ಅಂದರೆ ಸರ್ವೇಯರ್‌ಗೆ.

ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಆಗಿದ್ದೂ ಅದೇ. ಅಲ್ಲಿ ಸಮುದ್ರದ ತಳದ ಫಲಕ ಅಮೆರಿಕ ಖಂಡದ ಅಡಿಗೆ ನುಗ್ಗುತ್ತಿದೆ. ಆ ತಳ್ಳಾಟಕ್ಕೆ ದ್ವೀಪದ ನಿಲ್ದಾಣಗಳೆಲ್ಲ ನಿಧಾನವಾಗಿ ಒಳನಾಡಿನ ಕಡೆ ಸರಿಯುತ್ತಿದ್ದವು. 1999ರ ಬೇಸಿಗೆಯಲ್ಲಿ ಅಕ್ಕಪಕ್ಕದ ಏಳು ನಿಲ್ದಾಣ ಕೆಲವು ವಾರ ಹಿಂದಕ್ಕೆ ನಡೆದವು. ಎಷ್ಟು? ಎರಡರಿಂದ ನಾಲ್ಕು ಮಿಲಿಮೀಟರ್. ಗೋಡೆಗೆ ಹೊಡೆಯೋ ಮೊಳೆಯ ದಪ್ಪ. ಹರ್ಬ್ ಡ್ರಾಗರ್ಟ್ ಮತ್ತು ಜೊತೆಗಾರರು 2001ರಲ್ಲಿ ಇದನ್ನು ಪ್ರಕಟಿಸಿದರು. ಆಳದಲ್ಲಿ 50 ಕಿಲೋಮೀಟರ್ ಅಗಲ, 300 ಕಿಲೋಮೀಟರ್ ಉದ್ದದ ಜಾಗ ಸುಮಾರು ಎರಡು ಸೆಂಟಿಮೀಟರ್ ಜಾರಿತ್ತು. ಅದು ಒಂದೇ ಏಟಿಗೆ ಜಾರಿದ್ದರೆ 6.7 ತೀವ್ರತೆಯ ಭೂಕಂಪ. ಊರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಆಮೇಲೆ ಆಗಿದ್ದು ನೋಡಿ, ನನಗೆ ಇದೇ ಮುಖ್ಯ. ಇದು ಒಂದೇ ಸಲದ್ದೋ, ಮತ್ತೆ ಮತ್ತೆ ಆಗೋದೋ ಅನ್ನೋ ಪ್ರಶ್ನೆ ಬಂತು. ಮುಂದಿನ ಹತ್ತು ವರ್ಷ ಕಾಯಬೇಕಿತ್ತು, ಅಲ್ವಾ? ಕಾಯಲಿಲ್ಲ. ಹಳೇ ದಾಖಲೆ ತೆಗೆದರು. 1992ರಿಂದ ಇಟ್ಟಿದ್ದ ಓದುಗಳನ್ನು ಮತ್ತೆ ಲೆಕ್ಕ ಹಾಕಿದರು. ಅದೇ ಹಿಂದುಮುಂದಿನ ನಡಿಗೆ ಎಂಟು ಸಲ ಸಿಕ್ಕಿತು, ಸುಮಾರು 14 ತಿಂಗಳಿಗೊಮ್ಮೆ. ಅಷ್ಟು ವರ್ಷ ಅದು ಕಡತದಲ್ಲೇ ಇತ್ತು. ಅದನ್ನೆಲ್ಲ ‘ಗದ್ದಲ’, ಅಂದರೆ ಅಳತೆಯಲ್ಲಿ ಸೇರುವ ಸಣ್ಣಪುಟ್ಟ ತಪ್ಪು ಅಂದುಕೊಂಡಿದ್ದರು. ಬರೆದವರಿಗೆ ಏನು ಬರೆದಿದ್ದೇವೆ ಅಂತ ಗೊತ್ತಿರಲಿಲ್ಲ, ಆದರೂ ಇಟ್ಟಿದ್ದರು.

ನಮ್ಮ ಇಲಾಖೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 19ನೇ ಶತಮಾನದಲ್ಲಿ ಯಾರೋ ಪುಣ್ಯಾತ್ಮ ಬರೆದ ಟಿಪ್ಪಣಿಯ, ಅಂದರೆ ಹೊಲದ ಅಳತೆ ಬರೆದ ಹಾಳೆಯ ಮೇಲೆ ಇವತ್ತಿಗೂ ನಾವು ಹದ್ದುಬಸ್ತು ಮಾಡುತ್ತೇವೆ. ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆ ಬಿಚ್ಚಿದರೆ ಆ ಕಾಗದ ಕೈಯಲ್ಲೇ ಪುಡಿಯಾಗುತ್ತದೆ, ಆದರೂ ಸರಪಳಿ ಲೆಕ್ಕ, ಆಣೆ ಲೆಕ್ಕ ತಾಳೆಯಾಗುತ್ತದೆ. ‘ಇದು ಯಾರಿಗೆ ಬೇಕು’ ಅಂತ ಆಗ ಒಲೆಗೆ ಹಾಕಿದ್ದರೆ? ಕಾರ್ಸ್ ದಾಖಲೆಯೂ ಟಿಪ್ಪಣಿಯೇ. ಹೊಲದ್ದಲ್ಲ, ಹೊಲದ ಕೆಳಗಿನ ನೆಲದ್ದು.

ಈಗ ಕೆಲಸದ ಮಾತಿಗೆ ಬರುತ್ತೇನೆ. ನಿಧಾನ ಭೂಕಂಪ ಹಿಡಿಯೋದು ಹೇಗೆ? ಚುಕ್ಕಿಗಳ ಸಾಲಿನಿಂದ ಮೊದಲು ಫಲಕದ ಮಾಮೂಲಿ ನಡಿಗೆ ಕಳೆಯಬೇಕು, ಆ ನೆಟ್ಟನೆ ಗೆರೆ. ಆಮೇಲೆ ವರ್ಷದ ಏರಿಳಿತ. ಮಳೆಗಾಲದಲ್ಲಿ ಕೆರೆ, ಮಣ್ಣು, ಅಂತರ್ಜಲ ತುಂಬಿದಾಗ ನೆಲ ಭಾರಕ್ಕೆ ತುಸು ಕುಗ್ಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ನೆಲವೂ ಉಸಿರಾಡುತ್ತದೆ. ಅದನ್ನೂ ಕಳೆಯಬೇಕು. ಎಲ್ಲ ನಿಲ್ದಾಣದಲ್ಲೂ ಒಂದೇ ದಿನ ಒಂದೇ ಥರ ಕಾಣುವ ಕುಣಿತ ಇರುತ್ತದೆ. ಅದು ಉಪಗ್ರಹದ ಕಕ್ಷೆಯ ಲೆಕ್ಕದಂಥ, ಎಲ್ಲರಿಗೂ ಒಟ್ಟಿಗೇ ತಟ್ಟುವ ತಪ್ಪು. ಅದೂ ಹೋಗಬೇಕು. ಉಳಿದದ್ದರಲ್ಲಿ ಒಂದು ಬಾಗು ಕಂಡರೆ ತಕ್ಷಣ ಕುಣಿಯುವ ಹಾಗಿಲ್ಲ. ನಾವು ಮಹಜರು ಬರೆಯುವಾಗ ಒಬ್ಬನ ಮಾತು ಕೇಳುತ್ತೇವಾ? ಪಂಚರು ಬೇಕು. ಇಲ್ಲೂ ಹಾಗೇ. ಒಂದೇ ನಿಲ್ದಾಣ ಸರಿದರೆ ಅದರ ಆಂಟೆನಾಗೆ ಏನೋ ಆಗಿದೆ. ಅಕ್ಕಪಕ್ಕದ ನಾಲ್ಕೈದು ನಿಲ್ದಾಣ, ಒಂದೇ ವಾರದಲ್ಲಿ, ಹೊಂದಾಣಿಕೆ ಇರುವ ದಿಕ್ಕಿಗೆ ಸರಿದರೆ ಮಾತ್ರ ನೆಲ ಸರಿದಿದೆ ಅನ್ನಬಹುದು. ಜಪಾನಿನವರು ದೇಶದ ತುಂಬ ಸುಮಾರು 1,300 ನಿಲ್ದಾಣ ನೆಟ್ಟಿರುವುದು ಪಂಚರ ಸಂಖ್ಯೆ ಜಾಸ್ತಿ ಇರಲಿ ಅಂತಲೇ.

ಆಂಟೆನಾ ಅಂದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಣ್ಣಾರೆ ಕಂಡಿದ್ದು. ನಮ್ಮ ಕಡೆಯ ಒಂದು ಕಟ್ಟಡದ ತಾರಸಿ ಮೇಲೆ ಒಂದು ನಿಲ್ದಾಣ ಇತ್ತು. ಯಾವ ಕಟ್ಟಡ, ಯಾರದ್ದು ಅನ್ನೋದು ಬೇಡ. ಒಂದು ಸಲ ಹೋದಾಗ ಆಂಟೆನಾದಿಂದ ಒಂದು ಮಾರು ದೂರದಲ್ಲಿ ಕಪ್ಪು ಬಣ್ಣದ ಹೊಸ ನೀರಿನ ಟ್ಯಾಂಕ್ ಕೂತಿತ್ತು. ಅದಕ್ಕೆ ಕಬ್ಬಿಣದ ಸ್ಟ್ಯಾಂಡ್. ಆಂಟೆನಾ ಕಂಬಕ್ಕೂ ಸ್ಟ್ಯಾಂಡಿಗೂ ನಡುವೆ ಹಗ್ಗ ಕಟ್ಟಿ ಯಾರೋ ಟವೆಲ್ ಒಣಗಿಸಿದ್ದರು. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಉಪಗ್ರಹದ ಅಲೆ ನೇರ ಬರಬೇಕು. ಕಬ್ಬಿಣಕ್ಕೆ, ನೀರಿಗೆ ಬಡಿದು ತಿರುಗಿ ಬಂದದ್ದೂ ಸೇರಿದರೆ ಲೆಕ್ಕ ಕೆಡುತ್ತದೆ. ಆ ದಿನದಿಂದ ಆ ನಿಲ್ದಾಣ ಕೆಲವು ಮಿಲಿಮೀಟರ್ ‘ಸರಿದ’ ಹಾಗೆ ಕಾಣುತ್ತದೆ. ಐದು ವರ್ಷದ ನಂತರ ಯಾರೋ ಹುಡುಗಿ ಗೆರೆ ಎಳೆದು, ‘ಮಾವ, ಇಲ್ಲೊಂದು ಮೆಟ್ಟಿಲು’ ಅನ್ನುತ್ತಾಳೆ. ಅದು ಭೂಕಂಪ ಅಲ್ಲ, ನೀರಿನ ಟ್ಯಾಂಕ್. ಟ್ಯಾಂಕ್ ಇಟ್ಟ ದಿನ ಯಾರಾದರೂ ಬರೆದಿಟ್ಟಿದ್ದರೆ ಆ ಮೆಟ್ಟಿಲನ್ನು ಕಳೆದುಬಿಡಬಹುದು. ಬರೆಯದಿದ್ದರೆ ಇಡೀ ಸಾಲೇ ಅನುಮಾನ. ಆಂಟೆನಾ ಬದಲಿಸಿದರೂ ಇದೇ ಗತಿ. ಪಕ್ಕದ ಮರ ಬೆಳೆದರೂ, ಅದನ್ನು ಕಡಿದರೂ ಇದೇ.

“ನಮ್ಮೂರಲ್ಲಿ ಭೂಕಂಪ ಯಂತ್ರ ಇದೆಯಲ್ಲ, ಇದು ಬೇರೆ ಯಾಕೆ?” ಅಂತ ಗೌರಿಬಿದನೂರಿನವರು ಕೇಳಬಹುದು. ಇದೆ, ಹೆಮ್ಮೆಯೇ. 1960ರ ದಶಕದಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಬ್ರಿಟನ್ನಿನವರ ಸಹಕಾರದಿಂದ ಇಲ್ಲಿ ಕಂಪನಮಾಪಕಗಳ ಸಾಲು ಹೂಳಿತು. ಎಲ್ ಆಕಾರದಲ್ಲಿ 20 ಮಾಪಕ, ಒಂದೊಂದು ತೋಳೂ 20 ಕಿಲೋಮೀಟರ್‌ಗಿಂತ ಉದ್ದ. ಎಲ್ಲೋ ದೂರದ ದೇಶದಲ್ಲಿ ನೆಲದಡಿ ಬಾಂಬ್ ಸಿಡಿಸಿದರೂ ಇಲ್ಲಿಗೆ ಕೇಳುತ್ತಿತ್ತು. ಅಂಥ ಕಿವಿಗೂ ನಿಧಾನ ಭೂಕಂಪದ ಜಾರಿಕೆ ಕೇಳಿಸದು. ಕಳ್ಳ ಬಾಗಿಲು ಒಡೆದರೆ ನಾಯಿ ಬೊಗಳುತ್ತದೆ, ಪಕ್ಕದವನು ವರ್ಷಕ್ಕೆ ನಾಲ್ಕು ಬೆರಳು ಬದು ಒತ್ತಿದರೆ ನಾಯಿ ಏನು ಮಾಡೀತು? ಅದಕ್ಕೆ ಸರ್ವೇಯರ್ರೇ ಬರಬೇಕು. ಒಂದು ತಾಲೂಕಿನಲ್ಲಿ ಇಂಥ ಕಿವಿ ಇರುವಾಗ ಅದರ ಪಕ್ಕದಲ್ಲೇ ಒಂದು ಒಳ್ಳೆ ಕಣ್ಣು ಯಾಕಿರಬಾರದು ಅನ್ನೋದು ನನ್ನ ಆಸೆ.

ಜನರಿಗೆ ಸುಮ್ನೆ ಭಯ ಹುಟ್ಟಿಸುವ ಉದ್ದೇಶ ನನಗಿಲ್ಲ. ಚಿಕ್ಕಬಳ್ಳಾಪುರದ ಕೆಳಗೆ ನಿಧಾನ ಭೂಕಂಪ ನಡೀತಿದೆ ಅಂತ ನಾನು ಹೇಳುತ್ತಿಲ್ಲ. ಅದು ಮುಖ್ಯವಾಗಿ ಫಲಕಗಳ ಅಂಚಿನ ಕಾಯಿಲೆ. ಜಪಾನ್, ಕೆನಡಾ, ಮೆಕ್ಸಿಕೋ, ನ್ಯೂಜಿಲೆಂಡ್. 2002ರಲ್ಲಿ ನ್ಯೂಜಿಲೆಂಡಿನ ಗಿಸ್ಬೋರ್ನ್ ಹತ್ತಿರ ಹತ್ತೇ ದಿನದಲ್ಲಿ ನೆಲ ಎರಡು ಮೂರು ಸೆಂಟಿಮೀಟರ್ ಸರಿದಿತ್ತು. ನಮ್ಮದು ಫಲಕದ ಅಂಚಲ್ಲ, ಹೊಟ್ಟೆ. ಹಳೇ ಗಟ್ಟಿ ಬಂಡೆ.

ಆದರೂ ನಮ್ಮ ನೆಲ ಪೂರ್ತಿ ಮೂಕವಲ್ಲ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ಮಂಡಿಕಲ್ಲು ಕಡೆ ಹಳ್ಳಿಗಳಲ್ಲಿ ನೆಲ ನಡುಗಿತಲ್ಲ, ತೀವ್ರತೆ 3ರ ಆಸುಪಾಸು, ಜನ ಮನೆ ಬಿಟ್ಟು ಹೊರಗೆ ಬಂದರು. ಸುದ್ದಿ ಬಂದಾಗ ನಾನು ಮೊದಲು ಕ್ವಾರಿ ಸಿಡಿಮದ್ದು ಅಂದುಕೊಂಡೆ. ನಮ್ಮ ಜಿಲ್ಲೆಯಲ್ಲಿ ಆ ಅನುಮಾನ ಮೊದಲು ಬರೋದು ಸಹಜ. ಆ ವರ್ಷ ಮಳೆ ಸುರಿದಿತ್ತು, ಎಷ್ಟೋ ವರ್ಷದಿಂದ ಬರಿದಾಗಿದ್ದ ಕೆರೆಗಳು ಕೋಡಿ ಹರಿದಿದ್ದವು. ಒಣಗಿದ್ದ ಬಿರುಕುಗಳಿಗೆ ನೀರು ಇಳಿದು ಒತ್ತಡ ಬದಲಾಗಿ ಹೀಗಾಗಿರಬಹುದು ಅಂತ ತಿಳಿದವರು ವಿವರಿಸಿದರು. ಇದಕ್ಕೆ ಹೊಂದುವ ಪ್ರಯೋಗವೊಂದು ಫ್ರಾನ್ಸ್‌ನಲ್ಲಿ ನಡೆದಿದೆ, 2015ರಲ್ಲಿ ಪ್ರಕಟವಾಯಿತು. ನೆಲದೊಳಗಿನ ಒಂದು ಬಿರುಕಿಗೆ ನೀರನ್ನು ಒತ್ತಡದಲ್ಲಿ ತುಂಬಿದರು. ಬಿರುಕು ಮೊದಲು ಸದ್ದಿಲ್ಲದೆ ನಿಧಾನಕ್ಕೆ ಜಾರಿತು. ಸಣ್ಣ ಕಂಪನಗಳು ಶುರುವಾಗಿದ್ದು ಆಮೇಲೆ.

ಹಾಗಂತ ಮಂಡಿಕಲ್ಲಿನಂಥ ಕಂಪನವನ್ನು ಕಾರ್ಸ್ ಹಿಡಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 3ರ ತೀವ್ರತೆಯಲ್ಲಿ ಆಳದ ಒಂದು ಸಣ್ಣ ತುಂಡು ಮಾತ್ರ ತುಸು ಜಾರುತ್ತದೆ. ಹತ್ತಾರು ಕಿಲೋಮೀಟರ್ ಆಚೆ ತಾರಸಿ ಮೇಲಿನ ಆಂಟೆನಾಗೆ ಅದು ಗೊತ್ತಾಗುವುದಿಲ್ಲ. ಆದರೆ ನೀರು ತುಂಬಿದ್ದಕ್ಕೆ ನೆಲ ಎಷ್ಟು ಕುಗ್ಗಿತು, 1,200 ಅಡಿ ಬೋರ್‌ವೆಲ್‌ಗಳು ಹೀರಿದ್ದಕ್ಕೆ ಎಷ್ಟು ಬದಲಾಯಿತು, ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿಯಿಂದ ಕೋಲಾರದ ಕೆರೆಗಳಿಗೆ ಬಂದ ಮೇಲೆ ಏನಾಯಿತು, ಇಂಥ ಪ್ರಶ್ನೆ ಕೇಳಲು ಎತ್ತರದ ಚುಕ್ಕಿಗಳು ಬೇಕು. ಒಂದು ವರ್ಷದ್ದು ಸಾಲದು. ಹದಿನೈದು, ಇಪ್ಪತ್ತು ವರ್ಷದ್ದು ಬೇಕು.

ಕೆಜಿಎಫ್‌ನವರಿಗಂತೂ ನಾನು ಹೇಳಬೇಕಾಗಿಲ್ಲ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಬಂಡೆ ಕೊರೆದಿದ್ದ ಊರು. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ ಪಾತ್ರೆ ಗಲಗಲ ಅನ್ನುತ್ತಿದ್ದವು. 2001ರಲ್ಲಿ ಗಣಿ ಮುಚ್ಚಿತು, ಸುರಂಗಗಳಿಗೆ ನೀರು ತುಂಬಿತು. ಆಮೇಲೂ ಅಲ್ಲಿ ನೆಲ ಸುಮ್ಮನಾಗಲಿಲ್ಲ. ಅಂಥ ಜಾಗದ ಸುತ್ತ ನಾಲ್ಕು ಒಳ್ಳೆ ಬಾಂದು ಇಟ್ಟು ಮಿಲಿಮೀಟರ್ ಲೆಕ್ಕ ಇಡೋದು ಆಡಂಬರ ಅಲ್ಲ.

ಇನ್ನು ನಮ್ಮ ನೆಲದ ಬೆಲೆ. ಹದ್ದುಬಸ್ತಿಗೆ ಹೋದ ಯಾವ ಸರ್ವೇಯರ್ ಆದರೂ ಮೊದಲು ಹುಡುಕೋದು ಅಲುಗಾಡದ ಕಲ್ಲನ್ನು. ಮೂರು ಊರು ಸೇರುವ ಕಡೆಯ ಬಾಂದು, ಯಾರೂ ಕಿತ್ತಿಲ್ಲ ಅಂತ ಹಿರಿಯರು ಹೇಳುವಂಥದ್ದು. ಅದು ಸಿಕ್ಕರೆ ಉಳಿದ ಜಗಳವೆಲ್ಲ ಅದರಿಂದ ಅಳೆದು ಬಿಡಿಸಬಹುದು. ಹಿಮಾಲಯ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ಹಿಂಡಿಸಿಕೊಳ್ಳುತ್ತಿದೆ ಅನ್ನುತ್ತಾರೆ. ಯಾವುದಕ್ಕೆ ಹೋಲಿಸಿ? ದಕ್ಷಿಣದ ಈ ಗಟ್ಟಿ ಬಂಡೆಗೆ ಹೋಲಿಸಿ. ಬೆಂಗಳೂರಿನ ಆ ಒಂದು ನಿಲ್ದಾಣವನ್ನು ಹೀಗೆ ಎಷ್ಟು ಲೆಕ್ಕಗಳಲ್ಲಿ ಬಳಸಿದ್ದಾರೋ. ಅಂಡಮಾನಿನಲ್ಲೋ ಹಿಮಾಲಯದಲ್ಲೋ ನಾಳೆ ಒಂದು ಮೂರು ಮಿಲಿಮೀಟರ್ ಬಾಗು ಕಂಡರೆ ಅದು ನಿಜವೋ ಸುಳ್ಳೋ ಅಂತ ತಾಳೆ ನೋಡೋದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂಥ ಕಡೆ ಅಲುಗದೆ ನಿಂತ ಸಾಕ್ಷಿಗಳ ಮೇಲೆ. ನಮ್ಮಲ್ಲಿ ಏನೂ ಆಗೋದಿಲ್ಲ ಅನ್ನೋದೇ ನಮ್ಮ ನಿಲ್ದಾಣಗಳ ದೊಡ್ಡ ಗುಣ.

ಇದರಿಂದ ಭೂಕಂಪ ಮೊದಲೇ ತಿಳಿಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. 2014ರ ಏಪ್ರಿಲ್‌ನಲ್ಲಿ ಚಿಲಿಯ ಇಕಿಕೆ ಹತ್ತಿರ ದೊಡ್ಡ ಭೂಕಂಪ ಆಯಿತು. ಅದಕ್ಕೆ ಎರಡು ವಾರ ಮೊದಲಿಂದ ಕರಾವಳಿಯ ನಿಲ್ದಾಣಗಳು ಸಮುದ್ರದ ಕಡೆ ನಿಧಾನ ಸರಿದಿದ್ದವು. ಆದರೆ ಕೆನಡಾದಲ್ಲಿ 14 ತಿಂಗಳಿಗೊಮ್ಮೆ ಸರಿಯುತ್ತಲೇ ಇದೆ, ಅದರ ಬೆನ್ನಿಗೆ ದೊಡ್ಡದು ಬಂದಿಲ್ಲ. 2023ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು 90 ದೊಡ್ಡ ಭೂಕಂಪಗಳ ಜಿಪಿಎಸ್ ದಾಖಲೆ ಕೂಡಿಸಿ, ಎರಡು ಗಂಟೆ ಮೊದಲೇ ಒಂದು ಜಾರಿಕೆ ಕಾಣುತ್ತದೆ ಅಂದರು. ದೊಡ್ಡ ಸುದ್ದಿ ಆಯಿತು. ಬೇರೆಯವರು ಅದೇ ದಾಖಲೆ ತೆಗೆದುಕೊಂಡು, ಎಲ್ಲ ನಿಲ್ದಾಣಕ್ಕೂ ಸಮಾನವಾದ ಗದ್ದಲ ಕಳೆದು ನೋಡಿದರೆ ಆ ಜಾರಿಕೆ ಮಾಯ. ನನಗೆ ಇದು ಬೇಸರದ ಸುದ್ದಿಯಾಗಿ ಕಾಣಲಿಲ್ಲ. ದಾಖಲೆ ಬಹಿರಂಗವಾಗಿದ್ದಕ್ಕೆ ತಾನೇ ತಪ್ಪು ಸಿಕ್ಕಿದ್ದು? ಬೀಗ ಹಾಕಿದ್ದರೆ ಇಷ್ಟು ಹೊತ್ತಿಗೆ ಯಾರೋ ‘ಎರಡು ಗಂಟೆ ಮೊದಲೇ ಎಚ್ಚರಿಕೆ’ ಅಂತ ಆ್ಯಪ್ ಮಾರುತ್ತಿದ್ದರು.

ಅದೇ ವರ್ಷ ಕಂಪ್ಯೂಟರಿಗೆ ಕಲಿಸಿ ಹುಡುಕಿಸುವ ಕೆಲಸವೂ ಪ್ರಕಟವಾಯಿತು. ನಿಜವಾದ ನಿಧಾನ ಭೂಕಂಪಗಳ ಉದಾಹರಣೆ ಕಡಿಮೆ. ಹಾಗಾಗಿ ಸುಳ್ಳು ಜಾರಿಕೆಗಳನ್ನು ಕೃತಕವಾಗಿ ಮಾಡಿ, ನಿಜವಾದಂಥ ಗದ್ದಲದಲ್ಲಿ ಬೆರೆಸಿ, ಯಂತ್ರಕ್ಕೆ ತೋರಿಸಿದರು. ಒಂದೊಂದೇ ನಿಲ್ದಾಣ ಅಲ್ಲ, ಎಲ್ಲ ಒಟ್ಟಿಗೆ, ಪಂಚರನ್ನೆಲ್ಲ ಕೂರಿಸಿ ಕೇಳಿದ ಹಾಗೆ. ಕಲಿತ ಯಂತ್ರಕ್ಕೆ 2007ರಿಂದ 2022ರವರೆಗಿನ ಕೆನಡಾ ಮತ್ತು ಅಮೆರಿಕದ ಆ ಕರಾವಳಿಯ ದಾಖಲೆ ಕೊಟ್ಟರೆ 78 ನಿಧಾನ ಭೂಕಂಪ ಹುಡುಕಿತು. ಮತ್ತೆ ಹಳೇ ಕಡತವೇ ನೋಡಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಮಕ್ಕಳು ಪ್ರಾಜೆಕ್ಟ್‌ಗೆ ವಿಷಯ ಇಲ್ಲದೆ, ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಸಿದ್ಧ ಪ್ರಾಜೆಕ್ಟ್ ತರುತ್ತಾರೆ. ಅವರ ಕೈಗೆ ತಮ್ಮದೇ ತಾಲೂಕಿನ ಹತ್ತು ವರ್ಷದ ಚುಕ್ಕಿ ಕೊಟ್ಟರೆ ಏನೆಲ್ಲ ಮಾಡಿಯಾರು.

ನನ್ನ ತಂಗಿ ಮಗಳು ಅದನ್ನೇ ಕೇಳಿದಳು. “ಬೆಂಗಳೂರಿಂದು ಅಮೆರಿಕದಿಂದ ಸಿಕ್ತು. ನಮ್ಮ ಜಿಲ್ಲೆಯದ್ದು ಎಲ್ಲಿ ಸಿಗುತ್ತೆ ಮಾವ?” ಕೇಳಿ ತರುತ್ತೇನೆ ಅಂತ ಜಂಬದಿಂದ ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ, ಅಲ್ಲಿದ್ದವರು ಕೆಟ್ಟವರಲ್ಲ, ಕಾಫಿ ಕೂಡ ಕೊಟ್ಟರು. ಅರ್ಜಿ ನೋಡಿ ಕೇಳಿದರು, “ಯಾವ ಸರ್ವೆ ನಂಬರ್‌ಗೆ?”

“ಸರ್ವೆ ನಂಬರ್ ಇಲ್ಲ ಸಾರ್. ನಿಲ್ದಾಣದ ಹಳೇ ಓದು ಬೇಕಿತ್ತು, ಎರಡು ಮೂರು ವರ್ಷದ್ದು.”

“ಅದೇ, ಯಾವ ಜಮೀನಿಗೆ?”

“ಜಮೀನಿಗಲ್ಲ ಸಾರ್, ಭೂಮಿಗೆ.”

ಅವರು ನನ್ನ ಮುಖ ನೋಡಿದರು. ಸರ್ವೆ ನಂಬರ್ ಇಲ್ಲದಿದ್ದರೆ ಅರ್ಜಿ ಮುಂದಕ್ಕೆ ಹೋಗಲ್ಲ ಅಂದರು. ಹೋಗಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಕಾರ್ಸ್ ನಿಲ್ದಾಣಗಳ ಮೂಲ ಓದನ್ನು, 30 ಸೆಕೆಂಡಿಗೊಂದರಂತೆ ಆದರೂ ಸರಿ, ಶಾಶ್ವತ ದಾಖಲೆ ಅಂತ ಘೋಷಿಸಿ. ಖರ್ಚಿನ ಮಾತು ಬರಬಾರದು. ಕುಗ್ಗಿಸಿಟ್ಟರೆ ಒಂದು ನಿಲ್ದಾಣದ ಒಂದು ದಿನದ್ದು ಕೆಲವೇ ಎಂಬಿ. ನಮ್ಮ ಗುಂಪುಗಳಲ್ಲಿ ಬೆಳಗಾದರೆ ಬೀಳುವ ಶುಭೋದಯದ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತದೆ. ನಿಲ್ದಾಣಕ್ಕೊಂದು ದಿನಚರಿ ಇಡಿಸಿ. ಆಂಟೆನಾ ಬದಲಾದ ದಿನ, ತಂತ್ರಾಂಶ ಬದಲಾದ ದಿನ, ಕರೆಂಟ್ ಹೋದ ದಿನ, ಟ್ಯಾಂಕ್ ಇಟ್ಟ ದಿನ. ನಮ್ಮ ಟಿಪ್ಪಣಿಯಲ್ಲಿ ಹುಣಸೆ ಮರ, ಬಾವಿ, ಕಾಲುದಾರಿ ಎಲ್ಲ ಬರೆಯುವುದಿಲ್ಲವಾ, ಹಾಗೆ. ದಿನಕ್ಕೊಂದು ಚುಕ್ಕಿಯನ್ನು ಯಾರು ಬೇಕಾದರೂ ನೋಡುವ ಹಾಗೆ ಹಾಕಿ. ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಇಂಥ ನಿಲ್ದಾಣಗಳ ದತ್ತಾಂಶ ಭಾರತೀಯರಿಗೆ ನಿರ್ಬಂಧ ಇಲ್ಲದೆ, ಸುಲಭವಾಗಿ ಸಿಗಬೇಕು ಅಂತ ಇದೆ. ನಾನು ಹೊಸದೇನೂ ಕೇಳುತ್ತಿಲ್ಲ.

ನಮ್ಮ ರೋವರ್ ನಕ್ಷೆಗೂ ಇದರಿಂದ ಲಾಭ ಇದೆ, ಇದನ್ನು ಇಲಾಖೆಯವರು ಗಮನಿಸಬೇಕು. ವರ್ಷಕ್ಕೆ 5 ಸೆಂಟಿಮೀಟರ್ ಅಂದರೆ 20 ವರ್ಷಕ್ಕೆ ಒಂದು ಮೀಟರ್. ಇವತ್ತು ಬರೆದ ಅಕ್ಷಾಂಶ ರೇಖಾಂಶ ಯಾವ ದಿನಾಂಕದ ಲೆಕ್ಕದ್ದು ಅಂತ ನಕ್ಷೆಯಲ್ಲಿ ಇಲ್ಲದಿದ್ದರೆ, 20 ವರ್ಷದ ಮೇಲೆ ಬರುವ ಸರ್ವೇಯರ್ ಅದೇ ಸಂಖ್ಯೆ ಹಿಡಿದು ಹೋಗಿ ಒಂದು ಮೀಟರ್ ಆಚೆ ಗೂಟ ಹೊಡೆಯುತ್ತಾನೆ. ಅಣ್ಣತಮ್ಮಂದಿರು ಮತ್ತೆ ಶುರು.

ಕೊನೆಯದು ಒಂದು ಆಸೆ, ಸ್ವಲ್ಪ ದೊಡ್ಡದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಈ ಮೂರು ಜಿಲ್ಲೆಗೆ ಒಂದೊಂದಾದರೂ ನಿಲ್ದಾಣವನ್ನು ತಾರಸಿ ಮೇಲಲ್ಲ, ಬಂಡೆಯ ಮೇಲೆ ನೆಡಿಸಿ. ಕಟ್ಟಡ ಬಿಸಿಲಿಗೆ ಹಿಗ್ಗುತ್ತದೆ, ಅಡಿಪಾಯ ಕೂರುತ್ತದೆ. ಬಂಡೆಗೆ ರಂಧ್ರ ಕೊರೆದು ಉಕ್ಕಿನ ಕಂಬ ಕೂರಿಸಿದರೆ ನೂರು ವರ್ಷಕ್ಕೂ ಸಾಕು. ನಮ್ಮಲ್ಲಿ ನೀರಿಗೆ ಬರ ಇದೆ, ಬಂಡೆಗೆ ಇಲ್ಲ. ಗೌರಿಬಿದನೂರಿಂದ ಮಂಡಿಕಲ್ಲಿನವರೆಗೆ ಆಕಾಶ ಪೂರ್ತಿ ಕಾಣುವ, ಕ್ವಾರಿಗೆ ದೂರ ಇರುವ ನಾಲ್ಕು ಬಂಡೆ ನಾನು ನೋಡಿಟ್ಟಿದ್ದೇನೆ. ನಾಲ್ಕೂ ಸರ್ಕಾರಿ ಗೋಮಾಳದಲ್ಲಿವೆ. ಜಾಗ ತೋರಿಸೋಕೆ ಯಾವ ದಿನ ಕರೆದರೂ ಬರುತ್ತೇನೆ. ಸಂತೆ ದಿನ ಬೇಡ, ಅವತ್ತು ಗಾಡಿ ಸಿಗೋದಿಲ್ಲ.

ಅರ್ಜಿ ನಮೂನೆಯನ್ನೂ ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಸರ್ವೆ ನಂಬರ್ ಕಾಲಂ ಖಾಲಿ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಲೈಸೆನ್ಸ್ ಸರ್ವೇಯರ್,
ಗೌರಿಬಿದನೂರು ತಾಲೂಕು, ಚಿಕ್ಕಬಳ್ಳಾಪುರ ಜಿಲ್ಲೆ